ಚಕ್ರದ ಸುತ್ತು, ದಾರಿಯ ಲೆಕ್ಕ

ಯಲಹಂಕದಿಂದ ಹೆಬ್ಬಾಳಕ್ಕೆ ಬರುವ ಬಳ್ಳಾರಿ ರಸ್ತೆಯಲ್ಲಿ ದಿನವೂ ಸಾವಿರಾರು ಕಾರುಗಳು ಓಡುತ್ತವೆ. ಪ್ರತಿಯೊಂದು ಕಾರಿನಲ್ಲೂ ಚಾಲಕನ ಕಣ್ಣೆದುರು ಒಂದು ಮುಳ್ಳೋ ಅಂಕಿಯೋ ವೇಗವನ್ನು ತೋರಿಸುತ್ತಿರುತ್ತದೆ. ಗಡಿಯಾರವನ್ನು ನಂಬುವಂತೆಯೇ ನಾವು ಅದನ್ನೂ ನಂಬುತ್ತೇವೆ. ಆದರೆ ಆ ಯಂತ್ರಕ್ಕೆ ರಸ್ತೆ ಕಾಣುವುದಿಲ್ಲ, ಮೈಲಿಗಲ್ಲು ಓದಲು ಬರುವುದಿಲ್ಲ. ಅದಕ್ಕೆ ತಿಳಿಯುವುದು ಒಂದೇ ಸಂಗತಿ: ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದು. ಒಂದು ಸುತ್ತಿಗೆ ಇಷ್ಟು ದೂರ ಎಂದು ಕಾರ್ಖಾನೆಯವರು ಮೊದಲೇ ನಿಗದಿ ಮಾಡಿಟ್ಟಿರುತ್ತಾರೆ. ಉಳಿದದ್ದೆಲ್ಲ ಗುಣಾಕಾರ. ಹೀಗಿರುವಾಗ ಯಾರಾದರೂ ಟೈರಿನ ಅಳತೆಯನ್ನೇ ಬದಲಿಸಿಬಿಟ್ಟರೆ ಮೀಟರು ಹೇಳುವ ವೇಗ ನಿಜವಾಗಿ ಉಳಿಯುತ್ತದೆಯೇ? ಈ ಪ್ರಶ್ನೆ ಗ್ಯಾರೇಜಿನದ್ದು ಎಂದು ತೋರಬಹುದು. ಆದರೆ ಇದರ ಬೇರು ಇತಿಹಾಸದಲ್ಲಿ ಬಹಳ ಆಳಕ್ಕೆ ಇಳಿದಿದೆ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನ ನೆಲದ ಮೇಲೆಯೇ.

ಚಕ್ರದಿಂದ ದೂರ ಅಳೆಯುವ ಉಪಾಯ ಎರಡು ಸಾವಿರ ವರ್ಷ ಹಳೆಯದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ತನ್ನ ಗ್ರಂಥದಲ್ಲಿ ಅಂಥ ಒಂದು ಗಾಡಿಯನ್ನು ವರ್ಣಿಸಿದ್ದಾನೆ. ಅದರ ಚಕ್ರದ ಸುತ್ತಳತೆ ಹನ್ನೆರಡೂವರೆ ಅಡಿ. ಅದು 400 ಸುತ್ತು ತಿರುಗಿದರೆ 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಒಂದೊಂದು ಮೈಲಿ ಮುಗಿದಂತೆ ಹಲ್ಲುಚಕ್ರಗಳ ಮೂಲಕ ಒಂದು ಗುಂಡುಕಲ್ಲು ಪೆಟ್ಟಿಗೆಗೆ ಬೀಳುವ ಏರ್ಪಾಡು ಅದರಲ್ಲಿತ್ತು. ಸಂಜೆ ಕಲ್ಲುಗಳನ್ನು ಎಣಿಸಿದರೆ ಆ ದಿನದ ಪ್ರಯಾಣ ಎಷ್ಟೆಂದು ತಿಳಿಯುತ್ತಿತ್ತು. ಚೀನಾದಲ್ಲಿಯೂ ಒಂದು ಲೀ ದೂರ ಸಾಗಿದೊಡನೆ ಮರದ ಬೊಂಬೆ ನಗಾರಿ ಬಾರಿಸುವ ಬಂಡಿ ಇತ್ತು. ಇವತ್ತಿನ ಕಾರಿನ ಓಡೋಮೀಟರ್ ಇವೆರಡಕ್ಕಿಂತ ತತ್ತ್ವದಲ್ಲಿ ಬೇರೆಯಲ್ಲ. ಕಲ್ಲು ಬೀಳುವ ಕಡೆ ಅಂಕಿ ಉರುಳುತ್ತದೆ, ಅಷ್ಟೇ.

ನಮ್ಮ ನಾಡಿನಲ್ಲಿ ದೂರವನ್ನು ದೇಹದಿಂದ ಅಳೆಯುತ್ತಿದ್ದರು. ಗೇಣು, ಮೊಳ, ಮಾರು ಇವೆಲ್ಲ ಕೈಯಿಂದ ಹುಟ್ಟಿದ ಅಳತೆಗಳು. ದಾರಿಗೆ ಹರದಾರಿ ಮತ್ತು ಗಾವುದ. ಹರದಾರಿಯೆಂದರೆ ಸುಮಾರು ಮೂರು ಮೈಲಿ ಎನ್ನುತ್ತಾರೆ. ಆದರೆ ಹಳ್ಳಿಯ ಹಿರಿಯರನ್ನು ಕೇಳಿದರೆ ಒಬ್ಬರ ಹರದಾರಿ ಇನ್ನೊಬ್ಬರದ್ದಕ್ಕೆ ಸಮನಾಗುವುದಿಲ್ಲ. ಉರ್ದು ಮತ್ತು ಫಾರಸಿಯಲ್ಲಿ ಕೋಸ್, ಫರ್ಸಖ್, ಮೀಲ್ ಎಂಬ ಮಾತುಗಳಿವೆ. ಕೋಸ್ ಎಂಬುದು ಸಂಸ್ಕೃತದ ಕ್ರೋಶ. ಮೀಲ್ ಅರಬ್ಬಿಯಿಂದ ಬಂದದ್ದು, ಅದರ ಮೂಲ ಲ್ಯಾಟಿನ್. ಸಾವಿರ ಜೋಡಿ ಹೆಜ್ಜೆ ಎಂಬುದು ಅದರ ಅರ್ಥ. ಕನ್ನಡದ ಮೈಲಿ ಇಂಗ್ಲಿಷಿನ ದಾರಿಯಿಂದ ಬಂದಿತು, ಉರ್ದುವಿನ ಮೀಲ್ ಅರಬ್ಬಿಯ ದಾರಿಯಿಂದ ಬಂದಿತು. ಎರಡಕ್ಕೂ ತಾಯಿ ಒಬ್ಬಳೇ. ತರಗತಿಯಲ್ಲಿ ಎರಡು ಭಾಷೆ ಕಲಿಸುವ ನನ್ನಂಥವರಿಗೆ ಇಂಥ ಜೋಡಿಗಳು ಸಿಕ್ಕಾಗ ಆಗುವ ಸಂತೋಷವೇ ಬೇರೆ.

ಅಬ್ಬಾಸಿ ಖಲೀಫ ಅಲ್ ಮಾಮೂನರ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಖಗೋಳ ವಿದ್ವಾಂಸರು ಇಂದಿನ ಇರಾಕಿನ ಸಿಂಜಾರ್ ಬಯಲಿಗೆ ಹೋದರು. ಧ್ರುವದ ಎತ್ತರ ಒಂದು ಡಿಗ್ರಿ ಬದಲಾಗುವವರೆಗೆ ಉತ್ತರ ದಕ್ಷಿಣವಾಗಿ ನೆಲವನ್ನು ಹಗ್ಗ ಮತ್ತು ಗೂಟಗಳಿಂದ ಅಳೆದುಕೊಂಡು ನಡೆದರು. ಅವರಿಗೆ ದೊರೆತ ಒಂದು ಪ್ರಸಿದ್ಧ ಉತ್ತರ 56 ಮತ್ತು ಮೂರನೇ ಎರಡು ಅರಬ್ಬಿ ಮೈಲಿ. ಅದನ್ನು 360ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ. ಭೂಮಿಯನ್ನೇ ಒಂದು ಚಕ್ರವೆಂದು ಭಾವಿಸಿ ಅದರ ಒಂದು ತುಣುಕನ್ನು ಅಳೆದ ಪ್ರಯತ್ನವಿದು. ಸಾವಿರ ವರ್ಷಗಳ ನಂತರ ಇದೇ ಕೆಲಸಕ್ಕೆ ಬೆಂಗಳೂರು ಕಾರಣವಾಯಿತು. ಅದನ್ನು ಮುಂದೆ ನೋಡೋಣ.

ಹಿಂದೂಸ್ತಾನದ ರಾಜಮಾರ್ಗಗಳ ಅಳತೆಗೆ ಬಾಬರ್ ಬಾದಶಹ 1528ರ ಡಿಸೆಂಬರಿನಲ್ಲಿ ಹೊರಡಿಸಿದ ಆಜ್ಞೆ ಅವರ ಆತ್ಮಕಥೆಯಲ್ಲಿಯೇ ದಾಖಲಾಗಿದೆ. ಆಗ್ರಾದಿಂದ ಕಾಬೂಲಿನವರೆಗೆ ದಾರಿಯನ್ನು ಅಳೆಯಬೇಕು, ಒಂಬತ್ತು ಕೋಸಿಗೆ ಒಂದು ಮಿನಾರು ಕಟ್ಟಬೇಕು, ಹದಿನೆಂಟು ಕೋಸಿಗೆ ಆರು ಅಂಚೆ ಕುದುರೆಗಳನ್ನು ನಿಲ್ಲಿಸಬೇಕು ಎಂಬುದು ಆ ಆಜ್ಞೆ. ಚಕ್‌ಮಾಕ್ ಬೇಗ್ ಎಂಬುವರಿಗೆ ಈ ಕೆಲಸ ಒಪ್ಪಿಸಲಾಯಿತು. ಮುಂದೆ ಶೇರ್ ಶಹ ಮತ್ತು ಮೊಗಲರ ಕಾಲದ ಕೋಸ್ ಮಿನಾರುಗಳು ಉತ್ತರ ಭಾರತದಲ್ಲಿ ಇಂದಿಗೂ ನಿಂತಿವೆ.

ಅಕ್ಬರರ ಆಳ್ವಿಕೆಯ ಒಂದು ಸಂಗತಿಯನ್ನು ಮಾತ್ರ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಆಗ ಭೂಮಿಯನ್ನು ಅಳೆಯಲು ಸೆಣಬಿನ ಹಗ್ಗ ಬಳಸುತ್ತಿದ್ದರು. ಬೆಳಗಿನ ಇಬ್ಬನಿಯಲ್ಲಿ ನೆನೆದರೆ ಆ ಹಗ್ಗ ಕುಗ್ಗುತ್ತಿತ್ತು, ಬಿಸಿಲೇರಿದಂತೆ ಒಣಗಿ ಉದ್ದವಾಗುತ್ತಿತ್ತು. ಬೆಳಿಗ್ಗೆ ಅಳೆದ ಹೊಲಕ್ಕೂ ಮಧ್ಯಾಹ್ನ ಅಳೆದ ಹೊಲಕ್ಕೂ ಲೆಕ್ಕ ಬೇರೆ. ಹಗ್ಗ ಕುಗ್ಗಿದಾಗ ಹೊಲ ದೊಡ್ಡದೆಂದು ತೋರಿ ರೈತನ ಮೇಲೆ ಹೆಚ್ಚು ಕಂದಾಯ ಬೀಳುತ್ತಿತ್ತು. ಆದ್ದರಿಂದ ಬಿದಿರಿನ ಗಳಗಳನ್ನು ಕಬ್ಬಿಣದ ಬಳೆಗಳಿಂದ ಜೋಡಿಸಿದ ಹೊಸ ಜರೀಬನ್ನು ಜಾರಿಗೆ ತಂದರೆಂದು ಅಬುಲ್ ಫಜಲ್ ಆಈನೆ ಅಕ್ಬರಿಯಲ್ಲಿ ಬರೆದಿದ್ದಾರೆ. ಅಳೆಯುವ ಸಾಧನವೇ ಉದ್ದ ಗಿಡ್ಡ ಆದರೆ ಅಳತೆ ಸುಳ್ಳಾಗುತ್ತದೆ, ಆ ಸುಳ್ಳಿನ ಬೆಲೆಯನ್ನು ಯಾರೋ ಒಬ್ಬರು ತೆರಬೇಕಾಗುತ್ತದೆ. ಟೈರಿನ ವಿಷಯವೂ ಇದೇ. ಕುಗ್ಗಿದ ಹಗ್ಗ ಸವೆದ ಟೈರಿಗೆ ಸಮ.

ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನರು ಪಂಚಾಂಗ, ನಾಣ್ಯ, ತೂಕ, ಅಳತೆ ಎಲ್ಲವನ್ನೂ ಹೊಸದಾಗಿ ರೂಪಿಸಲು ಹೊರಟವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಗೆದ್ದ ರಾಜ್ಯವನ್ನು ಅಳೆದು ನಕ್ಷೆಗೆ ಇಳಿಸುವ ಕೆಲಸ ಕಂಪನಿಯವರಿಗೆ ಮೊದಲ ಅಗತ್ಯವಾಯಿತು. ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆಗೆ ನೇಮಕಗೊಂಡರು. ಫ್ರಾನ್ಸಿಸ್ ಬುಕಾನನ್ ಬೆಳೆ, ಕಸುಬುಗಳನ್ನು ಬರೆದುಕೊಳ್ಳುತ್ತ ಊರೂರು ತಿರುಗಿದರು. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ತ್ರಿಕೋನಗಳ ಸರ್ವೆಯನ್ನು ಆರಂಭಿಸಿದರು.

ಅಂದಿನ ಸರ್ವೆಯವರ ಬಳಿ ಒಂದು ಸಾಧನವಿತ್ತು, ಹೆಸರು ಪೆರಾಂಬುಲೇಟರ್. ಇಂದು ಈ ಮಾತನ್ನು ಕೇಳಿದರೆ ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ ನೆನಪಾಗುತ್ತದೆ. ಆಗ ಅದು ಹಿಡಿಕೆಯುಳ್ಳ ಒಂದೇ ದೊಡ್ಡ ಚಕ್ರ. ಸೈನ್ಯ ಸಾಗುವಾಗ ಒಬ್ಬ ಆಳು ಅದನ್ನು ದಾರಿಯುದ್ದಕ್ಕೂ ತಳ್ಳಿಕೊಂಡು ನಡೆಯುತ್ತಿದ್ದನು. ಹಿಡಿಕೆಯ ಬಳಿಯ ಮುಖಫಲಕ ದೂರವನ್ನು ತೋರಿಸುತ್ತಿತ್ತು. ಇಂಗ್ಲೆಂಡಿನಲ್ಲಿ ಪ್ರಚಲಿತವಾಗಿದ್ದ ಮಾದರಿಯ ಸುತ್ತಳತೆ 8 ಅಡಿ 3 ಇಂಚು. ಈ ವಿಚಿತ್ರ ಸಂಖ್ಯೆ ಏಕೆಂದರೆ ಆ ಚಕ್ರ ಸರಿಯಾಗಿ 640 ಸುತ್ತು ತಿರುಗಿದರೆ 5,280 ಅಡಿ, ಒಂದು ಮೈಲಿ. ನೀವೇ ಗುಣಿಸಿ ನೋಡಿ. ಅಂದರೆ ಮುಖಫಲಕದ ಹಲ್ಲುಚಕ್ರಗಳನ್ನು ಕೊರೆದವನು ಈ ಚಕ್ರ ಎಂದೆಂದಿಗೂ 8 ಅಡಿ 3 ಇಂಚೇ ಇರುತ್ತದೆಂದು ನಂಬಿದ್ದನು. ಅಂಚಿನ ಕಬ್ಬಿಣದ ಪಟ್ಟಿ ಸವೆದರೆ ಅಥವಾ ಹೊಸ ಪಟ್ಟಿ ದಪ್ಪವಾದರೆ ಫಲಕಕ್ಕೆ ಅದು ತಿಳಿಯುವುದಿಲ್ಲ. ಇದಲ್ಲದೆ ನಮ್ಮ ಕಡೆಯ ಹಳ್ಳ ದಿಣ್ಣೆಗಳ ಗಾಡಿ ಜಾಡಿನಲ್ಲಿ ಚಕ್ರ ಪ್ರತಿ ಗುಂಡಿಗೂ ಇಳಿದು ಏರುತ್ತದೆ. ಹಕ್ಕಿ ಹಾರುವ ದೂರಕ್ಕಿಂತ ಅದರ ಲೆಕ್ಕ ಯಾವಾಗಲೂ ಹೆಚ್ಚು. ರಸ್ತೆಯ ಪಟ್ಟಿ ಮಾಡಲು ಇದು ಸಾಕಿತ್ತು, ಭೂಮಿಯ ಆಕಾರ ತಿಳಿಯಲು ಸಾಕಾಗುತ್ತಿರಲಿಲ್ಲ.

ಲ್ಯಾಂಬ್ಟನ್ ಅದಕ್ಕೇ ಚಕ್ರವನ್ನು ಬಿಟ್ಟು ಸರಪಳಿಯನ್ನು ಹಿಡಿದರು. 100 ಅಡಿ ಉದ್ದದ ಉಕ್ಕಿನ ಸರಪಳಿ, ಎರಡೂವರೆ ಅಡಿಯ 40 ಕೊಂಡಿಗಳು. ಬ್ರಿಟನ್ನಿನ ರಾಯಭಾರಿಯೊಂದಿಗೆ ಚೀನಾ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿದ್ದ ಸರಪಳಿಯಿದು. ಅಲ್ಲಿ ಯಾರಿಗೂ ಬೇಡವಾಗಿ ಕಲ್ಕತ್ತಕ್ಕೆ ಬಂದು, ಅಲ್ಲಿಂದ ಬೆಂಗಳೂರಿಗೆ ತಲುಪಿತು. 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ ಬೆಂಗಳೂರಿನ ಬಳಿ ಒಂದು ನೇರ ಗೆರೆಯನ್ನು ಈ ಸರಪಳಿಯಿಂದ ಅಳೆದರು. ಅದರ ಉದ್ದ ಸುಮಾರು 7.43 ಮೈಲಿ. ಎರಡೂವರೆ ಗಂಟೆಯಲ್ಲಿ ನಡೆದು ಮುಗಿಸುವ ದಾರಿಗೆ ಐವತ್ತೇಳು ದಿನ! ಸರಪಳಿಯನ್ನು ನೆಲದ ಮೇಲೆ ಎಳೆದಾಡಲಿಲ್ಲ. ಮುಕ್ಕಾಲಿಗಳ ಮೇಲೆ ಉದ್ದನೆಯ ಮರದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಮಟ್ಟ ಮಾಡಿ, ಅವುಗಳೊಳಗೆ ಬಿಸಿಲು ತಾಗದಂತೆ ಅದನ್ನು ಮಲಗಿಸಿ, ಥರ್ಮಾಮೀಟರಿನಿಂದ ಶಾಖವನ್ನು ಬರೆದುಕೊಂಡರು.

ಶಾಖವೇಕೆ? ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾದರೆ 100 ಅಡಿ ಉಕ್ಕು ಸುಮಾರು ಮೂರನೇ ಒಂದು ಮಿಲಿಮೀಟರ್ ಹಿಗ್ಗುತ್ತದೆ. ಇದು ಕೂದಲೆಳೆಯ ಲೆಕ್ಕವೆಂದು ನಗಬಹುದು. ಆದರೆ ಈ ಗೆರೆಯಲ್ಲಿ ಸರಪಳಿಯನ್ನು ಸುಮಾರು 392 ಬಾರಿ ಹಾಸಬೇಕು. ಹತ್ತು ಡಿಗ್ರಿಯ ವ್ಯತ್ಯಾಸವನ್ನು ಮರೆತರೆ ಕೊನೆಗೆ ನಾಲ್ಕೂವರೆ ಅಡಿ ತಪ್ಪು ಕೂಡಿಕೊಳ್ಳುತ್ತದೆ. ಅಕ್ಬರರ ಹಗ್ಗಕ್ಕೆ ಇಬ್ಬನಿ ಹೇಗೋ ಲ್ಯಾಂಬ್ಟನ್ನರ ಸರಪಳಿಗೆ ಬಿಸಿಲು ಹಾಗೆ. ಹಗ್ಗವನ್ನು ಬದಲಿಸಿದ್ದು ಒಂದು ಪರಿಹಾರ. ಸರಪಳಿ ಎಷ್ಟು ಬದಲಾಗುತ್ತದೆಂದು ತಿಳಿದು ಲೆಕ್ಕವನ್ನು ತಿದ್ದಿದ್ದು ಅದಕ್ಕಿಂತ ಜಾಣತನದ ಪರಿಹಾರ.

1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದು ಗೆರೆಯನ್ನು ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರಿನವರೆಗೆ ಬಂದರು. 1804ರಲ್ಲಿ ಬೆಂಗಳೂರಿನಲ್ಲಿ ಪರೀಕ್ಷೆಗಾಗಿ ಇನ್ನೊಂದು ಗೆರೆಯನ್ನು ಜಾನ್ ವಾರನ್ ಅಳೆದರು. ಕೋಲಾರದ ಚಿನ್ನದ ಬಗ್ಗೆ 1802ರಲ್ಲಿ ವರದಿ ಮಾಡಿದವರೂ ಇವರೇ. ತ್ರಿಕೋನಗಳ ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಏಳು ಮೈಲಿಯಲ್ಲಿ ನಾಲ್ಕು ಇಂಚು! ಈ ಕೆಲಸವೇ ಬೆಳೆದು ಮಹಾ ತ್ರಿಕೋನಮಿತಿ ಸರ್ವೆಯಾಗಿ, ಜಾರ್ಜ್ ಎವರೆಸ್ಟ್ ಮುಂತಾದವರ ಕೈಯಲ್ಲಿ ಹಿಮಾಲಯದವರೆಗೆ ಹೋಯಿತು. ಇದೇ ಎವರೆಸ್ಟ್ ಭಾರತದ ದಾರಿಗಳಿಗೆ ತಕ್ಕಂತೆ ಪೆರಾಂಬುಲೇಟರಿನ ಹೊಸ ಮಾದರಿಯನ್ನೂ ರೂಪಿಸಿದ್ದರು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ.

1868ರಲ್ಲಿ ಬೆಂಗಳೂರಿನ ಗೆರೆಯನ್ನು ಮತ್ತೆ ಅಳೆದರು. ಅದರ ಒಂದು ತುದಿ ಹೆಣ್ಣೂರು ಬಾಗಲೂರು ರಸ್ತೆಯ ಕಣ್ಣೂರು ಗ್ರಾಮದಲ್ಲಿ. ಯಲಹಂಕದವರಿಗೆ ಇದು ದೂರದ ಊರೇನಲ್ಲ. ಅಲ್ಲಿದ್ದ ವೀಕ್ಷಣಾಲಯದ ಚಿಕ್ಕ ಕಟ್ಟಡ ನೂರೈವತ್ತಕ್ಕೂ ಹೆಚ್ಚು ವರ್ಷ ನಿಂತಿದ್ದು 2024ರಲ್ಲಿ ನೆಲಸಮವಾಯಿತು. ಇತಿಹಾಸ ಪ್ರವಾಸವೆಂದರೆ ಮೈಸೂರು, ಹಂಪಿ ಎಂದು ಹೊರಡುವ ನಮ್ಮ ಶಾಲೆಗಳು ಹತ್ತಿರದ ಇಂಥ ಜಾಗಕ್ಕೆ ಮಕ್ಕಳನ್ನು ಕರೆದೊಯ್ದದ್ದು ಕಡಿಮೆ. ಈಗ ತೋರಿಸಲು ಕಟ್ಟಡವೂ ಇಲ್ಲ.

ಇನ್ನು ಕಾರಿಗೆ ಬರೋಣ. ಮೋಟಾರು ಗಾಡಿಗಳು ಬಂದ ಮೇಲೆ ಎಷ್ಟು ದೂರ ಎಂಬುದಕ್ಕಿಂತ ಎಷ್ಟು ವೇಗ ಎಂಬ ಪ್ರಶ್ನೆ ಮುಂದಾಯಿತು. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಮುಂದೆ ಎಂಬತ್ತು ತೊಂಬತ್ತು ವರ್ಷ ಲೋಕವನ್ನು ಆಳಿತು. ಗೇರ್‌ಬಾಕ್ಸ್‌ನಿಂದ ಒಂದು ಬಾಗುವ ಕೇಬಲ್ ಡ್ಯಾಶ್‌ಬೋರ್ಡಿನವರೆಗೆ ಬರುತ್ತದೆ. ಅದರ ತುದಿಯಲ್ಲಿ ಒಂದು ಆಯಸ್ಕಾಂತ ತಿರುಗುತ್ತದೆ. ಆಯಸ್ಕಾಂತದ ಸುತ್ತ ತಾಗದಂತೆ ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ತಿರುಗುವ ಕಾಂತಶಕ್ತಿ ಬಟ್ಟಲನ್ನು ತನ್ನೊಡನೆ ಎಳೆಯಲು ನೋಡುತ್ತದೆ, ಒಂದು ಸಣ್ಣ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಎಳೆತ ಮತ್ತು ತಡೆ ಎಲ್ಲಿ ಸಮನಾಗುತ್ತವೆಯೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮೊದಲ ಮಾರುತಿಗಳು ಎಲ್ಲವೂ ಕೇಬಲ್ ಮೀಟರಿನವೇ. ಜಪಾನಿನ ಮಾನಕದಲ್ಲಿ ಕೇಬಲ್ 637 ಸುತ್ತು ತಿರುಗಿದರೆ ಒಂದು ಕಿಲೋಮೀಟರ್. ಪೆರಾಂಬುಲೇಟರಿನ 640ಕ್ಕೆ ಇದು ಇಷ್ಟು ಹತ್ತಿರ ಬಂದದ್ದು ಕಾಕತಾಳೀಯ. ಅಲ್ಲಿ ಲೆಕ್ಕ ಮೈಲಿಗೆ, ಇಲ್ಲಿ ಕಿಲೋಮೀಟರಿಗೆ. ಆದರೆ ನಂಬಿಕೆ ಅದೇ: ಚಕ್ರದ ಅಳತೆ ಬದಲಾಗುವುದಿಲ್ಲ.

ಬದಲಾದರೆ ಏನಾಗುತ್ತದೆಂದು ಒಂದು ನಿಜವಾದ ಉದಾಹರಣೆಯಿಂದ ನೋಡೋಣ. ಮಾರುತಿ 800 ಕಾರಿನ ಟೈರಿನ ಮೇಲೆ 145/70 ಆರ್ 12 ಎಂದು ಬರೆದಿರುತ್ತಿತ್ತು. 145 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 70. 12 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾವಾರು, ಇಂಚು ಮೂರನ್ನೂ ಬೆರೆಸಿದ ಈ ಬರವಣಿಗೆಯನ್ನು ಯಾವ ಗಣಿತದ ಮೇಷ್ಟ್ರೂ ಒಪ್ಪಲಾರರು. ಆಲ್ಟೊ ಕಾರಿನ ಟೈರು 145/80 ಆರ್ 12. ಅಗಲ ಅದೇ, ರಿಮ್ ಅದೇ. ಆದ್ದರಿಂದ ಒಂದರ ಬದಲು ಇನ್ನೊಂದನ್ನು ಹಾಕಿಸಿಕೊಳ್ಳುವುದು ಸುಲಭ. ಗಾಡಿ ಸ್ವಲ್ಪ ಎತ್ತರ ನಿಲ್ಲುತ್ತದೆ, ರೋಡ್ ಹಂಪಿಗೆ ತಾಗುವುದಿಲ್ಲ ಎಂದು ಟೈರ್ ಅಂಗಡಿಯವರು ಹೇಳುವುದೂ ಉಂಟು.

ಲೆಕ್ಕ ಹೀಗಿದೆ. 145ರ ಶೇಕಡಾ 70 ಎಂದರೆ 101.5 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 203. ರಿಮ್ಮಿನ 12 ಇಂಚು ಎಂದರೆ 304.8. ಒಟ್ಟು ವ್ಯಾಸ 507.8 ಮಿ.ಮೀ., ಸುತ್ತಳತೆ ಸುಮಾರು 1,595 ಮಿ.ಮೀ. ಇದೇ ರೀತಿ ಶೇಕಡಾ 80ರ ಟೈರಿನ ವ್ಯಾಸ 536.8, ಸುತ್ತಳತೆ ಸುಮಾರು 1,686. ಮೊದಲನೆಯದು ಒಂದು ಕಿಲೋಮೀಟರಿಗೆ 627 ಸುತ್ತು ತಿರುಗಿದರೆ ಎರಡನೆಯದು 593 ಸುತ್ತು ಮಾತ್ರ. ಗಾಡಿಯ ಭಾರಕ್ಕೆ ಟೈರು ನೆಲದ ಬಳಿ ಚಪ್ಪಟೆಯಾಗುವುದರಿಂದ ನಿಜವಾದ ಅಂಕಿಗಳು ತುಸು ಬೇರೆ ಇರುತ್ತವೆ, ಪ್ರಮಾಣ ಹೆಚ್ಚುಕಡಿಮೆ ಇದೇ. ದೊಡ್ಡ ಟೈರು ಶೇಕಡಾ 5.7ರಷ್ಟು ಹೆಚ್ಚು ದೂರ ಸಾಗಿದರೂ ಮೀಟರಿಗೆ ಅದರ ಸುಳಿವೇ ಇಲ್ಲ. ಅದೇ ಮೀಟರಿನಲ್ಲಿ ಮುಳ್ಳು 60 ತೋರಿಸುವಾಗ, ಮೊದಲಿನ ಟೈರಿನಲ್ಲಿ ಅದು ಸರಿಯಾಗಿದ್ದರೆ, ಗಾಡಿ ಈಗ 63.4ರಲ್ಲಿ ಓಡುತ್ತಿರುತ್ತದೆ. 80 ತೋರಿಸುವಾಗ 84.6ರಲ್ಲಿ.

ನಾಲ್ಕೂವರೆ ಕಿಲೋಮೀಟರ್ ದೊಡ್ಡದೇ ಎಂದು ಕೇಳುವವರಿದ್ದಾರೆ. ಗಾಡಿಯ ಚಲನಶಕ್ತಿ ವೇಗದ ವರ್ಗಕ್ಕೆ ಅನುಸಾರ ಏರುತ್ತದೆಂದು ಪ್ರೌಢಶಾಲೆಯಲ್ಲಿಯೇ ಕಲಿತಿದ್ದೇವೆ. ವೇಗ ಶೇಕಡಾ 5.7 ಹೆಚ್ಚಾದರೆ ಶಕ್ತಿ ಶೇಕಡಾ 12ರ ಹತ್ತಿರ ಹೆಚ್ಚಾಗುತ್ತದೆ. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರವೂ ಅಷ್ಟೇ ಹೆಚ್ಚುತ್ತದೆ. 40 ಮೀಟರಿನಲ್ಲಿ ನಿಲ್ಲಬೇಕಾದ ಕಾರು ಸುಮಾರು 45 ಮೀಟರಿನಲ್ಲಿ ನಿಲ್ಲುತ್ತದೆ. ರಸ್ತೆ ದಾಟುವವರು ಆ ಐದು ಮೀಟರಿನೊಳಗೆ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ಬಂದಿತು, ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು, ಆಮೇಲೆ ಎತ್ತರಿಸಿದ ರಸ್ತೆಯೂ ಆಯಿತು. ಒಂದು ಕಾಲದಲ್ಲಿ ಎತ್ತಿನಗಾಡಿಗಳ ದಾರಿಯಾಗಿದ್ದ ಬಳ್ಳಾರಿ ರಸ್ತೆ ನಗರದ ಅತಿ ವೇಗದ ರಸ್ತೆಗಳಲ್ಲಿ ಒಂದಾಯಿತು. ಪೊಲೀಸರ ರೇಡಾರ್ ಚಕ್ರವನ್ನು ಎಣಿಸುವುದಿಲ್ಲ, ಕಾರು ನಿಜವಾಗಿ ಓಡುವ ವೇಗವನ್ನೇ ನೋಡುತ್ತದೆ. 2019ರ ತಿದ್ದುಪಡಿಯ ಪ್ರಕಾರ ಲಘು ವಾಹನದ ಅತಿವೇಗಕ್ಕೆ 1,000ದಿಂದ 2,000 ರೂಪಾಯಿ ದಂಡ. ನನ್ನ ಮೀಟರು ಕಡಿಮೆ ತೋರಿಸಿತ್ತು ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಇದನ್ನು ತಡೆಯಲು ಕಾರ್ಖಾನೆಯವರು ಒಂದು ಮುನ್ನೆಚ್ಚರಿಕೆ ವಹಿಸುತ್ತಾರೆ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಬಹುದು, ಅದೂ ನಿಜವೇಗದ ಹತ್ತನೇ ಒಂದು ಭಾಗ ಮತ್ತು 4 ಕಿಲೋಮೀಟರಿಗೆ ಮೀರದಂತೆ. ಅಂದರೆ 80ರಲ್ಲಿ ಓಡುವ ಕಾರು 92 ತೋರಿಸಿದರೂ ನಿಯಮ ಮುರಿದಂತಲ್ಲ. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೆಯ ನಿಯಮ ಸ್ಪೀಡೋಮೀಟರನ್ನು ಕಡ್ಡಾಯ ಮಾಡಿದೆ. ಹೀಗೆ ಹೊಸ ಕಾರಿನ ಮೀಟರು ಸಾಮಾನ್ಯವಾಗಿ ತುಸು ಮುಂದೆಯೇ ಓಡುತ್ತದೆ. ದೊಡ್ಡ ಟೈರು ಹಾಕಿಸಿದವರು ಆ ರಕ್ಷಣೆಯನ್ನು ತಾವೇ ತಿಂದುಹಾಕುತ್ತಾರೆ.

ದೊಡ್ಡ ಟೈರಿನ ಬಗ್ಗೆ ಇನ್ನೊಂದು ದೂರು ಕೇಳಿಬರುತ್ತದೆ: ಮೈಲೇಜ್ ಬಿದ್ದುಹೋಯಿತು ಎಂದು. ಸ್ವಲ್ಪ ಬೀಳಬಹುದು. ಆದರೆ ನಿಜವಾಗಿ 1,000 ಕಿಲೋಮೀಟರ್ ಓಡಿದಾಗ ನಮ್ಮ ಉದಾಹರಣೆಯ ಮೀಟರು 946 ಮಾತ್ರ ಬರೆದುಕೊಂಡಿರುತ್ತದೆ. ಲೀಟರಿಗೆ 18 ಕೊಡುತ್ತಿರುವ ಗಾಡಿ 17 ಕೊಟ್ಟಂತೆ ತೋರುತ್ತದೆ. ಪೆಟ್ರೋಲ್ ಎಲ್ಲಿಗೂ ಹೋಗಿಲ್ಲ, ಕಿಲೋಮೀಟರುಗಳು ಲೆಕ್ಕಕ್ಕೆ ಸಿಕ್ಕಿಲ್ಲ. ಹಳೆಯ ಕಾರು ಕೊಳ್ಳುವವರು ಮೀಟರಿನ ಅಂಕಿಯ ಜೊತೆ ಟೈರಿನ ಅಂಕಿಯನ್ನೂ ನೋಡಬೇಕಾದದ್ದು ಇದಕ್ಕಾಗಿಯೇ.

ಟೈರನ್ನು ಬದಲಿಸದಿದ್ದರೂ ಅದು ತಾನಾಗಿ ಬದಲಾಗುತ್ತದೆ. ಹೊಸ ಟೈರಿನ ಕಚ್ಚು ಸುಮಾರು 8 ಮಿ.ಮೀ. ಆಳ ಇರುತ್ತದೆ. ಕಾರಿಗೆ ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿ.ಮೀ. ಅಷ್ಟು ಸವೆಯುವ ಹೊತ್ತಿಗೆ ವ್ಯಾಸದಲ್ಲಿ 12.8 ಮಿ.ಮೀ. ಹೋಗಿರುತ್ತದೆ, ಮಾರುತಿಯ ಚಿಕ್ಕ ಚಕ್ರದಲ್ಲಿ ಶೇಕಡಾ ಎರಡೂವರೆ. ಆಗ ಮೀಟರು ನಿಜಕ್ಕಿಂತ ಅಷ್ಟು ಹೆಚ್ಚು ತೋರಿಸುತ್ತದೆ. ಚಕ್ರ ಚಿಕ್ಕದಾದಷ್ಟೂ ಈ ಪರಿಣಾಮ ದೊಡ್ಡದು.

ಕಾರಿನಲ್ಲಿ ಮೀಟರು ಹೆಚ್ಚು ತೋರಿಸಿದರೆ ಯಾರಿಗೂ ನಷ್ಟವಿಲ್ಲ. ಆಟೋರಿಕ್ಷಾದಲ್ಲಿ ಹಾಗಲ್ಲ, ಅಲ್ಲಿ ಸುತ್ತು ಎಂದರೆ ದುಡ್ಡು. ಜಟಕಾ ಗಾಡಿಗಳ ಕಾಲದಲ್ಲಿ ಬಾಡಿಗೆ ಮಾತಿನಲ್ಲಿ ಕುದುರುತ್ತಿತ್ತು. ಆಟೋ ಬಂದ ಮೇಲೆ ಆ ಚೌಕಾಸಿಯ ಜಾಗಕ್ಕೆ ಮೀಟರು ಬಂದಿತು. ಆಟೋಗಳ ಸಾಮಾನ್ಯ ಟೈರು 4.00-8, ಅಂದರೆ 8 ಇಂಚಿನ ರಿಮ್, ಸುತ್ತ ಸುಮಾರು 4 ಇಂಚಿನ ರಬ್ಬರ್. ಸ್ಥೂಲವಾಗಿ ವ್ಯಾಸ 16 ಇಂಚು. ಮೀಟರಿನ ಕೇಬಲ್ ಇರುವ ಚಕ್ರಕ್ಕೆ 3.50-8 ಟೈರನ್ನು ಹಾಕಿದರೆ ವ್ಯಾಸ 15ಕ್ಕೆ ಇಳಿಯುತ್ತದೆ. 10 ಕಿಲೋಮೀಟರಿನ ದಾರಿ ಮೀಟರಿನಲ್ಲಿ 10.67 ಆಗುತ್ತದೆ. 2025ರ ಆಗಸ್ಟಿನಿಂದ ಬಂದ ದರದಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ನಂತರ ಕಿಲೋಮೀಟರಿಗೆ 18. ನಿಜವಾದ ಬಾಡಿಗೆ 180, ಮೀಟರಿನ ಬಾಡಿಗೆ 192. ಯಶವಂತಪುರದಿಂದ ಆರ್.ಟಿ. ನಗರಕ್ಕೆ ದಿನವೂ ಹೋಗಿ ಬರುವ ಒಬ್ಬ ಟೈಲರಿಗೋ ಆಯಾಗೋ ತಿಂಗಳ ಕೊನೆಗೆ ಇದು ಸಣ್ಣ ಮೊತ್ತವಲ್ಲ. ಬಾಡಿಗೆ ಮೀಟರುಗಳನ್ನು ಕಾನೂನು ಮಾಪನಶಾಸ್ತ್ರ ಇಲಾಖೆ ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕೆಂಬ ನಿಯಮ ಇರುವುದು ಇದಕ್ಕಾಗಿ. ಹಿಂದಿನ ಇಸ್ಲಾಮಿ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಪೇಟೆಯ ತಕ್ಕಡಿ, ಗಜಗಳನ್ನು ಪರೀಕ್ಷಿಸುತ್ತಿದ್ದನು. ಕೆಲಸ ಅದೇ, ಹೆಸರು ಬೇರೆ. ಮುದ್ರೆ ಮೀಟರಿನ ಮೇಲಿರುತ್ತದೆ, ಟೈರಿನ ಮೇಲಲ್ಲ ಎಂಬುದೊಂದೇ ಕೊರತೆ. ಆಟೋ ಚಾಲಕರೆಲ್ಲ ಬೇಕೆಂದೇ ಹೀಗೆ ಮಾಡುತ್ತಾರೆಂದು ತಿಳಿಯಬಾರದು. ಅಗ್ಗಕ್ಕೆ ಸಿಕ್ಕಿದ ಟೈರು ಹಾಕಿಸಿಕೊಂಡವರೂ ಇರುತ್ತಾರೆ, ಅವರ ಮಕ್ಕಳು ನಮ್ಮ ತರಗತಿಯಲ್ಲಿಯೇ ಕೂತಿರುತ್ತಾರೆ.

ಇದನ್ನು ಶಾಲೆಯ ಅಂಗಳದಲ್ಲಿ ಖರ್ಚಿಲ್ಲದೆ ತೋರಿಸಬಹುದು. 28 ಇಂಚಿನ ಒಂದು ಸೈಕಲ್, 20 ಇಂಚಿನ ಒಂದು ಮಕ್ಕಳ ಸೈಕಲ್, ಒಂದು ಸೀಮೆಸುಣ್ಣ, 50 ಮೀಟರ್ ದಾರಿ. ಟೈರಿನ ಮೇಲೆ ಗುರುತು ಹಾಕಿ, ತಳ್ಳುತ್ತ ಸುತ್ತು ಎಣಿಸಬೇಕು. ಒಂದು ಇಪ್ಪತ್ತೆರಡರ ಆಸುಪಾಸಿನಲ್ಲಿ ನಿಲ್ಲುತ್ತದೆ, ಇನ್ನೊಂದು ಮೂವತ್ತೊಂದನ್ನು ದಾಟುತ್ತದೆ. ನನ್ನ ಏಳನೆಯ ತರಗತಿಯ ಮಕ್ಕಳು ಇದನ್ನು ಮಾಡಿದ ಮೇಲೆ ಒಂದು ಹುಡುಗಿ ಕೇಳಿದ ಪ್ರಶ್ನೆ: ಸರ್, ಗಾಳಿ ಕಡಿಮೆ ಇದ್ದರೂ ಸುತ್ತು ಹೆಚ್ಚಾಗುತ್ತದೆಯೇ? ಗಾಳಿ ಬಿಟ್ಟು ಮತ್ತೆ ತಳ್ಳಿಸಿದೆ, ಈ ಸಲ ಒಬ್ಬನನ್ನು ಸೀಟಿನ ಮೇಲೆ ಕೂರಿಸಿ. ಅರ್ಧ ಸುತ್ತಿನಷ್ಟು ಹೆಚ್ಚಾಯಿತು.

ಕಾರು ಇರುವವರಿಗೆ ಪರೀಕ್ಷೆ ಇನ್ನೂ ಸುಲಭ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ನಡುವೆ ಮುಳ್ಳನ್ನು 60ರಲ್ಲಿಯೇ ಹಿಡಿದು ಓಡಿಸಬೇಕು, ಪಕ್ಕದಲ್ಲಿ ಕುಳಿತವರು ಸ್ಟಾಪ್‌ವಾಚ್ ನೋಡಬೇಕು. ಚಾಲಕನು ನೋಡಬಾರದು. ಸರಿಯಾಗಿ 60 ಸೆಕೆಂಡು ಬಂದರೆ ಮೀಟರು ನಿಜ. ಹೆಚ್ಚು ಬಂದರೆ ಮೀಟರು ಹೆಚ್ಚು ತೋರಿಸುತ್ತಿದೆ, ಕಾಳಜಿ ಬೇಡ. 57ರ ಹತ್ತಿರ ಬಂದರೆ ನಮ್ಮ ದೊಡ್ಡ ಟೈರಿನ ಉದಾಹರಣೆಯೇ ಅದು. ಈಗ ಮೊಬೈಲಿನಲ್ಲಿ ಜಿಪಿಎಸ್ ಇದೆ, ಉಪಗ್ರಹಗಳ ಸಂಕೇತದಿಂದ ವೇಗವನ್ನು ಹೇಳುತ್ತದೆ, ಚಕ್ರದ ಹಂಗು ಅದಕ್ಕಿಲ್ಲ. ಸಂಜಯನಗರದ ಮಗ್ಗುಲಲ್ಲೇ, ನ್ಯೂ ಬಿಇಎಲ್ ರಸ್ತೆಯಲ್ಲಿ ಪ್ರಧಾನ ಕಚೇರಿಯುಳ್ಳ ಇಸ್ರೋ 2013ರಿಂದ ನಮ್ಮದೇ ದಿಕ್ಸೂಚಿ ಉಪಗ್ರಹಗಳನ್ನು ಹಾರಿಸಿದೆ. ಆದರೆ ಕೆಳಸೇತುವೆಯ ಒಳಗೆ ಉಪಗ್ರಹ ಕಾಣುವುದಿಲ್ಲ. ಆದ್ದರಿಂದ ಕಾರು ಇಂದಿಗೂ ಚಕ್ರವನ್ನೇ ಎಣಿಸುತ್ತಿದೆ. ಕೇಬಲ್ಲಿನ ಬದಲು ಸೆನ್ಸರ್ ಬಂದಿದೆ, ಸ್ಪ್ರಿಂಗಿನ ಬದಲು ಕಂಪ್ಯೂಟರ್ ಬಂದಿದೆ, ಅಷ್ಟೇ ವ್ಯತ್ಯಾಸ. ಟೈರಿನ ಅಳತೆ ಬದಲಾದರೆ ಕಂಪ್ಯೂಟರಿಗೂ ಯಾರಾದರೂ ಹೇಳಬೇಕು.

ಸ್ವಾರಸ್ಯವೆಂದರೆ ಇದೇ ದೋಷವನ್ನು ಎಂಜಿನಿಯರುಗಳು ಈಗ ಉಪಯೋಗಕ್ಕೆ ತಂದುಕೊಂಡಿದ್ದಾರೆ. ಬ್ರೇಕಿನ ಎಬಿಎಸ್ ವ್ಯವಸ್ಥೆಗಾಗಿ ಹೊಸ ಕಾರುಗಳಲ್ಲಿ ನಾಲ್ಕೂ ಚಕ್ರಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ಒಂದು ಟೈರಿನಲ್ಲಿ ಗಾಳಿ ಇಳಿದರೆ ಅದರ ತ್ರಿಜ್ಯ ತುಸು ಕುಗ್ಗಿ, ಉಳಿದ ಮೂರಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಆ ವ್ಯತ್ಯಾಸವನ್ನು ಕಂಡೊಡನೆ ಕೆಲವು ಕಾರುಗಳು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಸುತ್ತವೆ. ನಮ್ಮ ಏಳನೆಯ ತರಗತಿಯ ಹುಡುಗಿ ಅಂಗಳದಲ್ಲಿ ಕೇಳಿದ್ದು ಇದನ್ನೇ.